ಏಳು ರನ್ ಮುಂದಿರುವಾಗ ಬೀಸಿದ ಬ್ಯಾಟು: ಬೇಸ್‌ಬಾಲ್‌ನ ಅಲಿಖಿತ ನಿಯಮಗಳ ಒಂದು ಪ್ರಕರಣ

2020ರ ಆಗಸ್ಟ್ 17ರ ಸೋಮವಾರ ರಾತ್ರಿ, ಅಮೆರಿಕದ ಟೆಕ್ಸಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ಆ ವರ್ಷವೇ ತೆರೆದಿದ್ದ ಗ್ಲೋಬ್ ಲೈಫ್ ಫೀಲ್ಡ್ ಕ್ರೀಡಾಂಗಣದಲ್ಲಿ, ಸ್ಯಾನ್ ಡಿಯಾಗೊ ಪಡ್ರೇಸ್ ತಂಡವು ಆತಿಥೇಯ ಟೆಕ್ಸಸ್ ರೇಂಜರ್ಸ್ ವಿರುದ್ಧ ಎಂಟನೆಯ ಇನಿಂಗ್‌ನಲ್ಲಿ 10–3ರಿಂದ ಮುಂದಿತ್ತು. ಮೂರೂ ಬೇಸ್‌ಗಳಲ್ಲಿ ಪಡ್ರೇಸ್ ಓಟಗಾರರು ನಿಂತಿದ್ದರು. ಬ್ಯಾಟ್ ಹಿಡಿದಿದ್ದವರು 21 ವರ್ಷದ ಶಾರ್ಟ್‌ಸ್ಟಾಪ್ ಫರ್ನಾಂಡೊ ಟಟೀಸ್ ಜೂನಿಯರ್. ಹಿಂದಿನ ಇನಿಂಗ್‌ನಲ್ಲಷ್ಟೇ ಅವರು ಮೂರು ರನ್ ತಂದ ಹೋಮ್ ರನ್ ಬಾರಿಸಿದ್ದರು. ರೇಂಜರ್ಸ್ ಪಿಚರ್ ಹುವಾನ್ ನಿಕಾಸಿಯೊ ಅವರ ಮೊದಲ ಮೂರು ಎಸೆತಗಳು ‘ಬಾಲ್’ (ಸ್ಟ್ರೈಕ್ ವಲಯದ ಹೊರಗೆ ಹೋದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಎನಿಸಿಕೊಂಡು ಎಣಿಕೆ 3–0ಕ್ಕೆ, ಅಂದರೆ ಮೂರು ಬಾಲ್, ಸೊನ್ನೆ ಸ್ಟ್ರೈಕ್‌ಗೆ ಬಂದಿತ್ತು. ನಾಲ್ಕನೆಯ ಎಸೆತ ಸ್ಟ್ರೈಕ್ ವಲಯದೊಳಗೆ, ಅಂದರೆ ಹೋಮ್ ಪ್ಲೇಟ್‌ನ ಮೇಲೆ ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಜಾಗಕ್ಕೆ ಬಂತು. ಟಟೀಸ್ ಬ್ಯಾಟ್ ಬೀಸಿದರು, ಚೆಂಡು ಬೇಲಿಯಾಚೆ ಬಿತ್ತು, ನಾಲ್ವರೂ ಓಡಿ ಬಂದರು. ಅದು ಅವರ ವೃತ್ತಿಜೀವನದ ಮೊದಲ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್ ತುಂಬಿದ್ದಾಗ ಹೊಡೆದ ಹೋಮ್ ರನ್. ಅಂಕ 14–3 ಆಯಿತು.

ರೇಂಜರ್ಸ್ ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ತಂಡದ ಮುಖ್ಯ ತರಬೇತುದಾರ) ಕ್ರಿಸ್ ವುಡ್‌ವರ್ಡ್ ಕೂಡಲೇ ನಿಕಾಸಿಯೊ ಅವರನ್ನು ಹಿಂದಕ್ಕೆ ಕರೆಸಿಕೊಂಡು ಇಯಾನ್ ಗಿಬಾಟ್ ಅವರನ್ನು ಕಣಕ್ಕಿಳಿಸಿದರು. ಗಿಬಾಟ್ ಎಸೆದ ಮೊದಲ ಚೆಂಡು ಮುಂದಿನ ಬ್ಯಾಟರ್ ಮ್ಯಾನಿ ಮಚಾಡೊ ಅವರ ಬೆನ್ನ ಹಿಂದಿನಿಂದ ಹಾದುಹೋಯಿತು. ಮಚಾಡೊ ಮಾಡಿದ್ದ ಅಪರಾಧವೆಂದರೆ ಬ್ಯಾಟಿಂಗ್ ಕ್ರಮದಲ್ಲಿ ಟಟೀಸ್ ಅವರ ನಂತರ ತಮ್ಮ ಹೆಸರಿದ್ದದ್ದು. ಪಂದ್ಯ 14–4ರಲ್ಲಿ ಮುಗಿಯಿತು. ಕೋವಿಡ್ ನಿರ್ಬಂಧದಿಂದಾಗಿ ಪ್ರೇಕ್ಷಕರೇ ಇಲ್ಲದ ಕ್ರೀಡಾಂಗಣದಲ್ಲಿ ನಡೆದ ಈ ಎರಡು ಎಸೆತಗಳ ಬಗ್ಗೆ ಮರುದಿನ ಬೇಸ್‌ಬಾಲ್ ಲೋಕದಲ್ಲಿ ಮಾತಾಡದವರೇ ಇರಲಿಲ್ಲ.

ಕ್ರಿಕೆಟ್ ನೋಡಿ ಬೆಳೆದ ಓದುಗರಿಗೆ ಇದರಲ್ಲಿ ಆಕ್ಷೇಪಿಸುವಂಥದ್ದು ಏನಿದೆಯೆಂದು ತಕ್ಷಣ ತಿಳಿಯದಿರುವುದು ಸಹಜ. ಬೇಸ್‌ಬಾಲ್‌ನಲ್ಲಿ ಪಿಚರ್ ಒಬ್ಬ ಬ್ಯಾಟರ್‌ಗೆ ನಾಲ್ಕು ಬಾಲ್ ಎಸೆದರೆ ಆ ಬ್ಯಾಟರ್ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಮೂರು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ವಲಯದೊಳಗೆ ಬಂದರೂ ಆಡದೆ ಬಿಟ್ಟ ಎಸೆತ) ಆದರೆ ಔಟಾಗುತ್ತಾನೆ. ಎಣಿಕೆ 3–0 ಇದ್ದಾಗ ಪಿಚರ್‌ಗೆ ಬೇರೆ ದಾರಿ ಇರುವುದಿಲ್ಲ; ಮುಂದಿನ ಚೆಂಡನ್ನು ಸ್ಟ್ರೈಕ್ ವಲಯದೊಳಗೆ ಹಾಕಲೇಬೇಕು, ಆದ್ದರಿಂದ ತಿರುವು ಗಿರುವು ಬಿಟ್ಟು ನೇರವಾದ ವೇಗದ ಎಸೆತವನ್ನೇ ಹಾಕುತ್ತಾನೆ. ಬ್ಯಾಟರ್‌ಗೂ ಅದು ಗೊತ್ತು. ಆದರೂ ಬಹುಪಾಲು ಬ್ಯಾಟರ್‌ಗಳು ಆ ಎಸೆತವನ್ನು ಆಡದೆ ಬಿಡುತ್ತಾರೆ, ಏಕೆಂದರೆ ನಾಲ್ಕನೆಯ ಬಾಲ್ ಬೀಳುವ ಸಾಧ್ಯತೆಯೂ ದೊಡ್ಡದೇ. ಪಂದ್ಯ ಸಮಬಲದಲ್ಲಿದ್ದಾಗ ಇದು ಬರಿಯ ಲೆಕ್ಕಾಚಾರ. ಒಂದು ತಂಡ ಬಹಳ ಮುಂದೆ ಹೋಗಿದ್ದಾಗ ಮಾತ್ರ ಇದೇ ಲೆಕ್ಕಾಚಾರ ಮರ್ಯಾದೆಯ ರೂಪ ತಾಳುತ್ತದೆ: ಗೆಲುವು ಕೈಗೆ ಬಂದಂತಿರುವಾಗ, ತಪ್ಪಿಸಿಕೊಳ್ಳಲಾಗದೆ ನೇರ ಚೆಂಡು ಎಸೆಯುತ್ತಿರುವ ಎದುರಾಳಿಯ ಮೇಲೆ ಮುಗಿಬೀಳಬಾರದು ಎನ್ನುವುದು ಆ ಮರ್ಯಾದೆ. ದೊಡ್ಡ ಮುನ್ನಡೆಯಿರುವಾಗ ಬೇಸ್ ಕದಿಯಬಾರದು (ಪಿಚರ್ ಎಸೆಯುವಷ್ಟರಲ್ಲೇ ಓಡಿ ಮುಂದಿನ ಬೇಸ್ ಸೇರಬಾರದು), ಹೋಮ್ ರನ್ ಹೊಡೆದ ಮೇಲೆ ನಿಂತು ಚೆಂಡನ್ನು ನೋಡುತ್ತ ಮೆರೆಯಬಾರದು, ಯಾರಿಗೂ ಹಿಟ್ ಕೊಡದೆ ಆಡುತ್ತಿರುವ ಪಿಚರ್‌ನ ದಾಖಲೆಯನ್ನು ಬಂಟ್ ಮಾಡಿ (ಬ್ಯಾಟ್ ಬೀಸದೆ ಚೆಂಡಿಗೆ ಮೆಲ್ಲನೆ ತಾಗಿಸಿ) ಮುರಿಯಬಾರದು ಎಂಬಂಥ ಹಲವು ಕಟ್ಟಳೆಗಳ ನಡುವೆ ಇದೂ ಒಂದು. ಇವು ಯಾವ ನಿಯಮ ಪುಸ್ತಕದಲ್ಲಿಯೂ ಇಲ್ಲ. ಹಿರಿಯ ಆಟಗಾರರಿಂದ ಕಿರಿಯರಿಗೆ ಡಗ್‌ಔಟ್‌ನಲ್ಲಿ, ಬಸ್‌ನಲ್ಲಿ, ಕೆಲವೊಮ್ಮೆ ಬೆನ್ನಿಗೆ ಬಿದ್ದ ಚೆಂಡಿನ ಮೂಲಕ ದಾಟಿ ಬಂದಿವೆ.

ಈ ಕಟ್ಟಳೆಗಳನ್ನೆಲ್ಲ ಒಟ್ಟಾಗಿ ಹಳೆಯ ಕಂದಾಚಾರವೆಂದು ತಳ್ಳಿಹಾಕುವವರ ಜೊತೆ ನನ್ನ ಸಹಮತವಿಲ್ಲ. ಕೆಲವಕ್ಕೆ ಗಟ್ಟಿಯಾದ ಆಧಾರವಿದೆ. ಬೇಸ್ ಕದಿಯುವ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬಹಳ ಹಿಂದೆ ಬಿದ್ದ ತಂಡ ತನ್ನ ಮೊದಲ ಬೇಸ್ ಕ್ಷೇತ್ರರಕ್ಷಕನನ್ನು ಓಟಗಾರನ ಪಕ್ಕದಿಂದ ಸರಿಸಿ ಹಿಂದೆ ನಿಲ್ಲಿಸುತ್ತದೆ. ಅಂದರೆ ಓಟಗಾರನನ್ನು ತಡೆಯುವ ಪ್ರಯತ್ನವನ್ನು ತಾನಾಗಿಯೇ ಕೈಬಿಡುತ್ತದೆ. ಅದಕ್ಕೆ ಪ್ರತಿಯಾಗಿ ಮುಂದಿರುವ ತಂಡ ಕದಿಯುವುದನ್ನು ಬಿಡುತ್ತದೆ. ಎರಡೂ ಕಡೆಯವರು ಏನನ್ನೋ ಬಿಟ್ಟುಕೊಟ್ಟಿದ್ದಾರೆ, ಮೈದಾನದಲ್ಲಿ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ, ಹಾಗಾಗಿ ಅದನ್ನು ಮುರಿದವನನ್ನು ಮಾತು ತಪ್ಪಿದವನೆಂದು ಕರೆಯುವುದಕ್ಕೂ ಅರ್ಥವಿದೆ.

3–0 ಎಣಿಕೆಯ ಕಟ್ಟಳೆಯನ್ನು ಇದೇ ಒರೆಗಲ್ಲಿಗೆ ಹಚ್ಚಿದರೆ ಅದು ನಿಲ್ಲುವುದಿಲ್ಲ ಎಂಬುದು ನನ್ನ ತೀರ್ಮಾನ. ಆ ಗಳಿಗೆಯಲ್ಲಿ ನಿಕಾಸಿಯೊ ಏನನ್ನು ಬಿಟ್ಟುಕೊಟ್ಟಿದ್ದರು? ಏನನ್ನೂ ಇಲ್ಲ, ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ. ಟಟೀಸ್ ಅವರನ್ನು ಔಟ್ ಮಾಡುವುದೇ ಅವರ ಗುರಿಯಾಗಿತ್ತು, ಅದಕ್ಕಾಗಿಯೇ ಆ ಚೆಂಡನ್ನು ಎಸೆದರು. ಟಟೀಸ್ ಅದನ್ನು ಆಡದೆ ಬಿಟ್ಟಿದ್ದರೆ ಪಿಚರ್‌ಗೆ ಒಂದು ಸ್ಟ್ರೈಕ್ ಪುಕ್ಕಟೆಯಾಗಿ ಸಿಗುತ್ತಿತ್ತು, ಆದರೆ ಎಣಿಕೆ 3–1 ಆದ ಮೇಲೆ ಮುಂದಿನ ಚೆಂಡನ್ನು ಬ್ಯಾಟರ್‌ಗೆ ಅನುಕೂಲವಾಗುವಂತೆ ಎಸೆಯಬೇಕೆಂಬ ಯಾವ ಬಾಧ್ಯತೆಯೂ ಪಿಚರ್‌ಗೆ ಇರುತ್ತಿರಲಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಬೇಸ್‌ಗಳು ತುಂಬಿದ್ದವು, ಟಟೀಸ್ ಸುಮ್ಮನೆ ನಿಂತು ಆ ಎಸೆತ ನಾಲ್ಕನೆಯ ಬಾಲ್ ಆಗಿದ್ದರೂ ಮೂರನೆಯ ಬೇಸ್‌ನಲ್ಲಿದ್ದವನು ನಡೆದು ಬಂದು 11ನೆಯ ರನ್ ಕೊಡುತ್ತಿದ್ದ. ಹಾಗೆ ಬಂದ ರನ್ನನ್ನು ಯಾರೂ ಅವಮಾನವೆಂದು ಎಣಿಸುತ್ತಿರಲಿಲ್ಲ. ಈ ಕಟ್ಟಳೆ ರನ್ನುಗಳನ್ನು ತಡೆಯುವುದಿಲ್ಲ. ರನ್ನುಗಳು ಬರುವ ಬಗೆಯಲ್ಲಿ ಹೊಡೆತವನ್ನಷ್ಟೇ ಆಕ್ಷೇಪಿಸುತ್ತದೆ.

ಏಳು ರನ್‌ಗಳ ಮುನ್ನಡೆ ಸಾಕಷ್ಟು ದೊಡ್ಡದೇ ಎಂಬ ಪ್ರಶ್ನೆಗೂ ಎಲ್ಲರೂ ಒಪ್ಪಿದ ಉತ್ತರವಿಲ್ಲ. ಒಂಬತ್ತು ಇನಿಂಗ್‌ಗಳ ಪಂದ್ಯದಲ್ಲಿ ರೇಂಜರ್ಸ್‌ಗೆ ಇನ್ನೂ ಎರಡು ಇನಿಂಗ್ ಬ್ಯಾಟಿಂಗ್ ಬಾಕಿಯಿತ್ತು. ಕ್ರಿಕೆಟ್‌ನ ಟೆಸ್ಟ್ ಪಂದ್ಯದಲ್ಲಿ ನಾಯಕ ಸಾಕೆನಿಸಿದಾಗ ಡಿಕ್ಲೇರ್ ಮಾಡಬಹುದು. ಫುಟ್‌ಬಾಲ್‌ನಲ್ಲಿ ಮುಂದಿರುವ ತಂಡ ಚೆಂಡನ್ನು ಅತ್ತಿತ್ತ ತಳ್ಳುತ್ತ ಗಡಿಯಾರವನ್ನು ಓಡಿಸಬಹುದು. ಬೇಸ್‌ಬಾಲ್‌ನಲ್ಲಿ ಇವೆರಡಕ್ಕೂ ಅವಕಾಶವಿಲ್ಲ. ಕೊನೆಯ ಔಟ್ ಆಗುವವರೆಗೆ ಹಿಂದಿರುವ ತಂಡ ಎಷ್ಟು ರನ್ ಬೇಕಾದರೂ ಗಳಿಸಬಹುದು. 2001ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ತಂಡ ಸಿಯಾಟಲ್ ಮ್ಯಾರಿನರ್ಸ್ ವಿರುದ್ಧ 14–2ರಿಂದ ಹಿಂದಿದ್ದು, 11 ಇನಿಂಗ್‌ಗಳಲ್ಲಿ 15–14ರಿಂದ ಗೆದ್ದಿತ್ತು. ಇಂಥದ್ದು ಅಪರೂಪವೆಂಬುದು ನಿಜ. ಆದರೆ ಮುನ್ನಡೆ ಇಷ್ಟಾದಾಗ, ಇಂಥ ಇನಿಂಗ್‌ನಿಂದ ಆಚೆಗೆ ಎಂದು ಗೆರೆ ಎಳೆಯದ ನಿಯಮವನ್ನು ಪಾಲಿಸಬೇಕಾದವನು, ಗೆರೆ ಎಲ್ಲಿದೆಯೆಂದು ದಾಟಿದ ಮೇಲಷ್ಟೇ ತಿಳಿದುಕೊಳ್ಳಬೇಕಾಗುತ್ತದೆ. ಆ ವರ್ಷದ ಋತುವೋ 162ರ ಬದಲು ಕೇವಲ 60 ಪಂದ್ಯಗಳಿಗೆ ಇಳಿದಿತ್ತು. ಒಂದೊಂದು ಗೆಲುವಿನ ತೂಕ ಹೆಚ್ಚಾಗಿದ್ದ ಹೊತ್ತಿನಲ್ಲಿ ಕೈ ಸಡಿಲಿಸಿ ಎಂದು ಕೇಳುವುದು ಇನ್ನಷ್ಟು ಕಷ್ಟ.

ಪಂದ್ಯದ ಬಳಿಕ ವುಡ್‌ವರ್ಡ್ ಆಡಿದ ಮಾತುಗಳನ್ನು ನ್ಯಾಯವಾಗಿ ಓದಬೇಕು. ಎಂಟನೆಯ ಇನಿಂಗ್‌ನಲ್ಲಿ ಏಳು ರನ್ ಮುಂದಿರುವಾಗ 3–0ರಲ್ಲಿ ಬ್ಯಾಟ್ ಬೀಸುವುದು ವೈಯಕ್ತಿಕವಾಗಿ ತಮಗೆ ಹಿಡಿಸಲಿಲ್ಲ, ತಾವೆಲ್ಲ ಬೆಳೆದು ಬಂದದ್ದು ಹಾಗೆ ಎಂದರು. ಅದರ ಜೊತೆಗೇ, ಈ ರೂಢಿಗಳು ದಿನದಿನವೂ ಪ್ರಶ್ನೆಗೆ ಒಳಗಾಗುತ್ತಿವೆ, ತಮಗೆ ಇಷ್ಟವಾಗಲಿಲ್ಲವೆಂದ ಮಾತ್ರಕ್ಕೆ ಅದು ತಪ್ಪೆಂದಾಗುವುದಿಲ್ಲ ಎಂದೂ ಸೇರಿಸಿದರು. ಇಷ್ಟು ತಗ್ಗಿದ ದನಿಯಲ್ಲಿ ಮಾತಾಡಬಲ್ಲವರ ತಂಡವೇ ಕೆಲವು ನಿಮಿಷಗಳ ಹಿಂದೆ ಒಬ್ಬ ಬ್ಯಾಟರ್‌ನ ಬೆನ್ನ ಹಿಂದೆ ಚೆಂಡು ಎಸೆದಿತ್ತು ಎಂಬುದನ್ನು ಹೊಂದಿಸಿಕೊಳ್ಳುವುದು ಸುಲಭವಲ್ಲ.

ಪ್ರಕರಣಕ್ಕೆ ನಿಜವಾದ ತಿರುವು ಕೊಟ್ಟದ್ದು ಪಡ್ರೇಸ್ ಮ್ಯಾನೇಜರ್ ಜೇಸ್ ಟಿಂಗ್ಲರ್ ಅವರ ಹೇಳಿಕೆ. ಮ್ಯಾನೇಜರ್ ಆಗಿ ಅದು ಅವರ ಮೊದಲ ವರ್ಷ. ಅದಕ್ಕೂ ಮೊದಲು ಹಲವು ವರ್ಷ ಅವರು ರೇಂಜರ್ಸ್ ಸಂಸ್ಥೆಯಲ್ಲೇ ಕೆಲಸ ಮಾಡಿದ್ದರು. ಎಸೆತವನ್ನು ಬಿಡುವಂತೆ ಟಟೀಸ್‌ಗೆ ಸಂಜ್ಞೆ ಕೊಡಲಾಗಿತ್ತು, ಅವರು ಅದನ್ನು ಗಮನಿಸಲಿಲ್ಲ, ಇದು ಅವರಿಗೆ ಕಲಿಯುವ ಸಂದರ್ಭ ಎಂದು ಟಿಂಗ್ಲರ್ ಹೇಳಿದರು. ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಅಂಟಿಕೊಂಡವು. ತಂಡದ ಸಂಜ್ಞೆಯನ್ನು ನೋಡದೆ ಆಡುವುದು ತಂಡದೊಳಗಿನ ಶಿಸ್ತಿನ ಪ್ರಶ್ನೆ. ಅದನ್ನು ಟಟೀಸ್ ಜೊತೆ ಡಗ್‌ಔಟ್‌ನಲ್ಲೇ ಬಗೆಹರಿಸಿಕೊಳ್ಳಬಹುದಿತ್ತು, ಪತ್ರಕರ್ತರ ಮುಂದೆ ಇಡಬೇಕಾಗಿರಲಿಲ್ಲ. ಎದುರಾಳಿಗೆ ತೋರಬೇಕಾದ ಸೌಜನ್ಯ ಇನ್ನೊಂದೇ ಪ್ರಶ್ನೆ. ಟಿಂಗ್ಲರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ, ತಮ್ಮ ಆಟಗಾರ ತಪ್ಪು ಮಾಡಿದ್ದಾನೆಂದು ಸ್ವತಃ ಅವನ ಮ್ಯಾನೇಜರ್ ಒಪ್ಪಿಕೊಂಡಂತಾಯಿತು. ಮಚಾಡೊ ಅವರ ಬೆನ್ನ ಹಿಂದೆ ಹೋದ ಚೆಂಡಿನ ಬಗ್ಗೆ ಮೊದಲು ಕೇಳಿಬರಬೇಕಾಗಿದ್ದ ಖಂಡನೆ ಈ ಗದ್ದಲದಲ್ಲಿ ಹಿಂದೆ ಸರಿಯಿತು.

ಟಟೀಸ್ ಕೂಡ ಅಂದು ರಾತ್ರಿ ತಗ್ಗಿ ಮಾತಾಡಿದರು. ಚಿಕ್ಕಂದಿನಿಂದ ಈ ಆಟದಲ್ಲೇ ಇದ್ದೇನೆ, ಅಲಿಖಿತ ನಿಯಮಗಳು ಬಹಳಷ್ಟು ಗೊತ್ತು, ಇದೊಂದು ತಿಳಿಯಲಿಲ್ಲ, ಮುಂದಿನ ಸಲ ಬಹುಶಃ ಎಸೆತವನ್ನು ಬಿಡುತ್ತೇನೆ ಎಂಬರ್ಥದ ಮಾತು ಅದು. ಚಿಕ್ಕಂದಿನಿಂದ ಎಂಬುದು ಉಪಚಾರದ ಮಾತೇನಲ್ಲ. ಅವರ ತಂದೆ ಫರ್ನಾಂಡೊ ಟಟೀಸ್ ಸೀನಿಯರ್ 1999ರ ಏಪ್ರಿಲ್ 23ರಂದು, ಮಗ ಹುಟ್ಟಿ ನಾಲ್ಕು ತಿಂಗಳೂ ತುಂಬುವ ಮೊದಲು, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಆಡುತ್ತ ಲಾಸ್ ಏಂಜಲಿಸ್‌ನಲ್ಲಿ ಒಂದೇ ಇನಿಂಗ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ ಬಾರಿಸಿದ್ದರು. ಮೇಜರ್ ಲೀಗ್ ಚರಿತ್ರೆಯಲ್ಲಿ ಆ ಸಾಧನೆ ಮತ್ತಾರದ್ದೂ ಅಲ್ಲ. ಎರಡನೆಯದನ್ನು ಹೊಡೆಯುವ ಹೊತ್ತಿಗೆ ತಂಡ ಮುಂದಿತ್ತಲ್ಲ, ಬಿಡಬೇಕಿತ್ತು ಎಂದು ತಂದೆಯನ್ನು ಯಾರೂ ಕೇಳಿದ್ದಿಲ್ಲ. ಅಂಥ ಮನೆಯಲ್ಲಿ ಬೆಳೆದವನಿಗೂ ತಿಳಿಯದ ನಿಯಮವನ್ನು ಎಲ್ಲರಿಗೂ ಗೊತ್ತಿರುವ ನಿಯಮವೆಂದು ಹೇಗೆ ಕರೆಯುವುದು?

ಮರುದಿನ ಟಟೀಸ್ ಬೆನ್ನಿಗೆ ನಿಂತವರಲ್ಲಿ ಪಿಚರ್‌ಗಳೂ ಇದ್ದರು. ಟ್ರೆವರ್ ಬಾವರ್ 3–0ರಲ್ಲಿ ಬೀಸುತ್ತಲೇ ಇರು ಎಂದು ಬಹಿರಂಗವಾಗಿ ಹುರಿದುಂಬಿಸಿದರು. 1970ರ ದಶಕದ ಸಿನ್ಸಿನಾಟಿ ರೆಡ್ಸ್ ತಂಡದ ಮಹಾನ್ ಕ್ಯಾಚರ್ ಜಾನಿ ಬೆಂಚ್ ಅವರ ವಾದ ಇನ್ನೂ ಚೊಕ್ಕವಾಗಿತ್ತು: ಈ ಎಸೆತ ಬಿಟ್ಟರೆ 3–1, ಮುಂದಿನ ಒಳ್ಳೆಯ ಎಸೆತಕ್ಕೆ 3–2, ಆಮೇಲೊಂದು ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಗಿ ಇನಿಂಗೇ ಮುಗಿಯಬಹುದು, ಆದ್ದರಿಂದ ಎಲ್ಲರೂ 3–0ರಲ್ಲಿ ಹೊಡೆಯಬೇಕು. ಹಳಬರೆಲ್ಲ ಕಟ್ಟಳೆಯ ಪರ, ಹೊಸಬರೆಲ್ಲ ವಿರುದ್ಧ ಎಂದು ಬರೆದವರು ಬೆಂಚ್ ಅವರನ್ನು ಮರೆತಿದ್ದರು. ಲ್ಯಾಟಿನ್ ಅಮೆರಿಕದ ಆಟಗಾರರ ಉತ್ಸಾಹಕ್ಕೂ ಅಮೆರಿಕದ ಸಂಪ್ರದಾಯಕ್ಕೂ ನಡುವಿನ ಘರ್ಷಣೆ ಇದು ಎಂಬ ಇನ್ನೊಂದು ವಿವರಣೆಯಲ್ಲಿ ಸತ್ಯದ ಅಂಶ ಇದ್ದೀತು, ಆದರೆ ಹೊಡೆದ ಟಟೀಸ್ ಅವರಂತೆ ಹೊಡೆಸಿಕೊಂಡ ನಿಕಾಸಿಯೊ ಕೂಡ ಡೊಮಿನಿಕನ್ ಗಣರಾಜ್ಯದವರೇ. ದುಡ್ಡಿನ ಲೆಕ್ಕವನ್ನಂತೂ ಈ ಚರ್ಚೆಯಲ್ಲಿ ಎತ್ತಿದವರು ಕಡಿಮೆ. ಯುವ ಆಟಗಾರನ ಮುಂದಿನ ಸಂಬಳ ನಿಂತಿರುವುದು ಇದೇ ಹೋಮ್ ರನ್‌ಗಳ ಮೇಲೆ, ತಂದುಕೊಟ್ಟ ರನ್ನುಗಳ ಮೇಲೆ. ಅಂದು ಟಟೀಸ್ ಒಬ್ಬರೇ ಏಳು ರನ್ ತಂದಿದ್ದರು, ಮರುವರ್ಷದ ಫೆಬ್ರುವರಿಯಲ್ಲಿ ಪಡ್ರೇಸ್ ಅವರೊಂದಿಗೆ 14 ವರ್ಷಗಳಿಗೆ 34 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಸೌಜನ್ಯಕ್ಕಾಗಿ ಎಸೆತ ಬಿಡುವವನು ತನ್ನ ಅನ್ನದ ಒಂದು ತುತ್ತನ್ನೂ ಬಿಡುತ್ತಾನೆ.

ಇನ್ನು ಗಿಬಾಟ್ ಅವರ ಎಸೆತ. ಪಿಚರ್‌ನ ದಿಬ್ಬದಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಮೈಮೇಲೆ ಬರುವ ಚೆಂಡಿಗೆ ಬ್ಯಾಟರ್ ಸಹಜವಾಗಿ ಹಿಂದಕ್ಕೆ ಸರಿಯುತ್ತಾನೆ. ಬೆನ್ನ ಹಿಂದೆ ಎಸೆದ ಚೆಂಡು ಅವನು ಸರಿಯುವ ಜಾಗಕ್ಕೇ ಬರುತ್ತದೆ. ತಾಗದೆ ಹೋಯಿತಲ್ಲ, ಬರೀ ಎಚ್ಚರಿಕೆ ಎನ್ನುವವರು ಈ ಅಂಶವನ್ನು ಮರೆಯುತ್ತಾರೆ. ಬ್ಯಾಟರ್‌ಗೆ ಉದ್ದೇಶಪೂರ್ವಕವಾಗಿ ಚೆಂಡು ಎಸೆಯುವುದನ್ನು ಲಿಖಿತ ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ. ಪಿಚರ್‌ನನ್ನೂ ಅಗತ್ಯವೆನಿಸಿದರೆ ಮ್ಯಾನೇಜರ್‌ನನ್ನೂ ಹೊರಹಾಕುವ ಅಧಿಕಾರ ಅಂಪೈರ್‌ಗಿದೆ. ಮೇಜರ್ ಲೀಗ್‌ನಲ್ಲಿ ಚೆಂಡು ತಗುಲಿ ಪ್ರಾಣ ಕಳೆದುಕೊಂಡ ಏಕೈಕ ಆಟಗಾರ ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್. ನ್ಯೂಯಾರ್ಕ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ತಲೆಗೆ ಬಡಿದು ಅವರು ಮರುದಿನ ನಸುಕಿನಲ್ಲಿ ತೀರಿಕೊಂಡದ್ದು 1920ರ ಆಗಸ್ಟ್ 17ರಂದು. ಆರ್ಲಿಂಗ್ಟನ್‌ನ ಪಂದ್ಯ ನಡೆದದ್ದು ಸರಿಯಾಗಿ ನೂರು ವರ್ಷಗಳ ಬಳಿಕ, ಅದೇ ತಾರೀಖಿನಂದು. ಕಾಕತಾಳೀಯವೇ ಸರಿ, ಆದರೂ ಆ ದಿನ ಇಂಥದ್ದೊಂದು ಎಸೆತ ಹೊರಟಿತೆಂಬುದು ಗಮನಕ್ಕೆ ಬಂದ ಮೇಲೆ ಮರೆಯುವುದು ಕಷ್ಟ.

ಲೀಗ್ ಗಿಬಾಟ್ ಅವರನ್ನು ಮೂರು ಪಂದ್ಯಗಳಿಗೆ, ವುಡ್‌ವರ್ಡ್ ಅವರನ್ನು ಒಂದು ಪಂದ್ಯಕ್ಕೆ ಅಮಾನತುಗೊಳಿಸಿ ದಂಡವನ್ನೂ ವಿಧಿಸಿತು. ಮೂರು ವಾರಗಳ ಹಿಂದಷ್ಟೇ ಹ್ಯೂಸ್ಟನ್ ಬ್ಯಾಟರ್‌ಗಳತ್ತ ಎಸೆದ ಲಾಸ್ ಏಂಜಲಿಸ್ ಡಾಜರ್ಸ್ ಪಿಚರ್ ಜೋ ಕೆಲ್ಲಿಗೆ ಎಂಟು ಪಂದ್ಯಗಳ ಅಮಾನತು ಘೋಷಿಸಿ, ಆಮೇಲೆ ಐದಕ್ಕೆ ಇಳಿಸಲಾಗಿತ್ತು. ಟಟೀಸ್ ಅವರಿಗೆ ಯಾವ ಶಿಕ್ಷೆಯೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಹೀಗೆ ಲಿಖಿತ ನಿಯಮದ ಕಣ್ಣಿಗೆ ತಪ್ಪಿತಸ್ಥರಾದವರು ಅಲಿಖಿತ ನಿಯಮವನ್ನು ಕಾಯಲು ಹೊರಟವರು ಮಾತ್ರ.

ಮೈದಾನದಲ್ಲಿ ಉತ್ತರ ಬೇರೆಯೇ ಬಗೆಯಲ್ಲಿ ಬಂತು. 18ರಂದು ವಿಲ್ ಮೈಯರ್ಸ್, 19ರಂದು ಮಚಾಡೊ, 20ರಂದು ಎರಿಕ್ ಹಾಸ್ಮರ್ ಇದೇ ರೇಂಜರ್ಸ್ ವಿರುದ್ಧ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು. ಸತತ ನಾಲ್ಕು ಪಂದ್ಯಗಳಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಬಾರಿಸಿದ ಮೊದಲ ತಂಡ ಪಡ್ರೇಸ್. ಮಚಾಡೊ ಅವರದು ಹತ್ತನೆಯ ಇನಿಂಗ್‌ನಲ್ಲಿ ಪಂದ್ಯವನ್ನೇ ಗೆದ್ದುಕೊಟ್ಟ ಹೊಡೆತ. ಎರಡು ದಿನಗಳ ಹಿಂದೆ ಚೆಂಡು ಹಾದುಹೋದದ್ದು ಅವರ ಬೆನ್ನ ಹಿಂದೆಯೇ.

ಆದರೆ ಕಟ್ಟಳೆ ಅಷ್ಟಕ್ಕೇ ಸಾಯಲಿಲ್ಲ. ಒಂಬತ್ತು ತಿಂಗಳ ಬಳಿಕ, 2021ರ ಮೇ 17ರಂದು, ಮಿನೆಸೋಟ ಟ್ವಿನ್ಸ್ ವಿರುದ್ಧ 15–4ರಿಂದ ಮುಂದಿದ್ದ ಶಿಕಾಗೊ ವೈಟ್ ಸಾಕ್ಸ್‌ನ ಯೆರ್ಮಿನ್ ಮರ್ಸಿಡೀಸ್ ಒಂಬತ್ತನೆಯ ಇನಿಂಗ್‌ನಲ್ಲಿ 3–0ರಲ್ಲೇ ಹೋಮ್ ರನ್ ಹೊಡೆದರು. ಎಸೆದವರು ಪಿಚರ್ ಅಲ್ಲ. ಸೋತ ಪಂದ್ಯದಲ್ಲಿ ಪಿಚರ್‌ಗಳ ತೋಳು ಉಳಿಸಲೆಂದು ನಿಂತಿದ್ದ ವಿಲಿಯನ್ಸ್ ಆಸ್ಟುಡಿಯೊ, ಗಂಟೆಗೆ 47 ಮೈಲಿ ವೇಗದ ಚೆಂಡು. ವೈಟ್ ಸಾಕ್ಸ್‌ನ 76 ವರ್ಷದ ಮ್ಯಾನೇಜರ್ ಟೋನಿ ಲಾ ರೂಸ ತಮ್ಮದೇ ಆಟಗಾರನನ್ನು ಬಹಿರಂಗವಾಗಿ ಖಂಡಿಸಿದರು. ಮರುದಿನ ಟ್ವಿನ್ಸ್‌ನ ಟೈಲರ್ ಡಫಿ ಮರ್ಸಿಡೀಸ್ ಕಾಲುಗಳ ಹಿಂದೆ ಚೆಂಡು ಎಸೆದಾಗ ಅದರಲ್ಲಿ ತಮಗೆ ತೊಂದರೆ ಕಾಣುವುದಿಲ್ಲ ಎಂದೂ ಹೇಳಿದರು. ಟಿಂಗ್ಲರ್ ಅರೆಮನಸ್ಸಿನಿಂದ ಮಾಡಿದ್ದನ್ನು ಲಾ ರೂಸ ಪೂರ್ಣ ಮನಸ್ಸಿನಿಂದ ಮಾಡಿದರು ಎನ್ನಬಹುದು. ಎದುರಾಳಿ ತಮ್ಮವನ ಮೇಲೆ ಚೆಂಡು ಎಸೆಯುವುದನ್ನು ಮ್ಯಾನೇಜರ್ ಒಬ್ಬರು ಸರಿಯೆಂದು ಒಪ್ಪುವ ಮಟ್ಟಿಗೆ ಒಂದು ಸೌಜನ್ಯದ ನಿಯಮ ಬೆಳೆದರೆ ಅದನ್ನು ಸೌಜನ್ಯವೆಂದು ನಾನು ಕರೆಯಲಾರೆ. ಆಸ್ಟುಡಿಯೊ ಅವರಂಥ ಪಿಚರ್ ಅಲ್ಲದ ಆಟಗಾರರು ಎಸೆಯುವುದಕ್ಕೆ ಲೀಗ್ 2023ರಲ್ಲಿ ನಿಯಮ ಬಿಗಿಗೊಳಿಸಿತು: ಹಿಂದಿರುವ ತಂಡ 8 ರನ್‌ಗಳಿಗಿಂತ ಕಡಿಮೆ ಅಂತರದಲ್ಲಿದ್ದರೆ, ಒಂಬತ್ತು ಇನಿಂಗ್‌ಗಳ ಮಿತಿಯೊಳಗೆ ಅಂಥವರನ್ನು ಎಸೆಯಲು ನಿಲ್ಲಿಸುವಂತಿಲ್ಲ. 3–0ರ ಬಗ್ಗೆ ಏನನ್ನೂ ಬರೆಯಲಿಲ್ಲ.

ಸೋಲುತ್ತಿರುವವರ ಮಾನ ಕಾಯುವುದೇ ಉದ್ದೇಶವಾದರೆ ಅದಕ್ಕೆ ಲಿಖಿತ ಮಾರ್ಗ ಬೇಸ್‌ಬಾಲ್‌ನಲ್ಲೇ ಇದೆ. ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ಪಂದ್ಯಾವಳಿಯ ಆರಂಭಿಕ ಸುತ್ತಿನಲ್ಲಿ ಐದು ಇನಿಂಗ್‌ಗಳ ಬಳಿಕ 15 ಅಥವಾ ಏಳು ಇನಿಂಗ್‌ಗಳ ಬಳಿಕ 10 ರನ್‌ಗಳ ಅಂತರವಿದ್ದರೆ ಪಂದ್ಯವನ್ನು ಅಲ್ಲಿಗೇ ಮುಗಿಸಲಾಗುತ್ತದೆ. ಆ ನಿಯಮ ಆರ್ಲಿಂಗ್ಟನ್‌ನಲ್ಲಿ ಜಾರಿಯಲ್ಲಿದ್ದಿದ್ದರೆ 10–3ರ ಅಂತರಕ್ಕೆ ಆಟ ನಿಲ್ಲುತ್ತಿರಲಿಲ್ಲ. ಟಟೀಸ್ ಎಸೆತವನ್ನು ಬಿಟ್ಟು, ಪಡ್ರೇಸ್ ಇನ್ನೊಂದು ರನ್ ಪಡೆದು ಸುಮ್ಮನಾಗಿದ್ದರೂ ನಿಲ್ಲುತ್ತಿರಲಿಲ್ಲ. ಆ ಗ್ರ್ಯಾಂಡ್ ಸ್ಲ್ಯಾಮ್‌ನಿಂದ 14–3 ಆದ ಮೇಲೆ, ರೇಂಜರ್ಸ್ ಆ ರಾತ್ರಿ ಗಳಿಸಿದ ಇನ್ನೊಂದು ರನ್ ಎಂಟನೆಯ ಇನಿಂಗ್‌ನಲ್ಲೇ ಬಂದಿತ್ತೆಂದು ಹಿಡಿದರೂ ಅಂತರ ಹತ್ತಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಎಂಟನೆಯ ಇನಿಂಗ್ ಮುಗಿಯುತ್ತಿದ್ದಂತೆ ಅಂಪೈರ್ ಪಂದ್ಯವನ್ನು ನಿಲ್ಲಿಸುತ್ತಿದ್ದರು, ರೇಂಜರ್ಸ್ ಪಿಚರ್‌ಗಳು ಒಂಬತ್ತನೆಯ ಇನಿಂಗ್ ಎಸೆಯಬೇಕಾಗುತ್ತಿರಲಿಲ್ಲ.